ಚಿಕ್ಕಂದಿನ ಪುಸ್ತಕ ಸಿನಿಮಾ ಆದಾಗ ನಿಮಗೆ ಎಲ್ಲಿ ಬೇಜಾರಾಯಿತು?

ಅಪ್ಪನ ಕೆರೆ (ಕಲಬುರಗಿ)

ಪುಸ್ತಕದಲ್ಲಿದ್ದ ಆ ಸೀನ್ ಸಿನಿಮಾದಲ್ಲಿ ಇಲ್ಲ, ಈ ಪಾತ್ರ ಇಲ್ಲ ಅಂತ ನಾವೆಲ್ಲ ಒಂದಲ್ಲ ಒಂದು ಸಲ ದೂರಿರುತ್ತೇವೆ. ನನ್ನ ದೂರು ಸ್ವಲ್ಪ ಬೇರೆ. ಸೀನ್ ಹೋದರೆ ಹೋಗಲಿ. ಕಥೆಯಲ್ಲಿ ಮಗುವಿಗೆ ಬಂದ ಕಷ್ಟವನ್ನೇ ಸಿನಿಮಾದವರು ಒರೆಸಿ ಹಾಕುತ್ತಾರಲ್ಲ, ಅದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ರೋಆಲ್ಡ್ ಡಾಲ್ 1983ರಲ್ಲಿ ಬರೆದ 'ದಿ ವಿಚಸ್' ತೆಗೆದುಕೊಳ್ಳಿ. ಅಪ್ಪ ಅಮ್ಮ ಅಪಘಾತದಲ್ಲಿ ಹೋಗಿಬಿಟ್ಟ ಹುಡುಗ, ಅವನನ್ನು ಸಾಕುವ ಅಜ್ಜಿ. ಮಾಟಗಾತಿಯರು ಹುಡುಗನನ್ನು ಇಲಿ ಮಾಡುತ್ತಾರೆ. ಪುಸ್ತಕ ಮುಗಿದರೂ ಅವನು ಇಲಿಯಾಗಿಯೇ ಉಳಿಯುತ್ತಾನೆ. ಕೊನೆಯಲ್ಲಿ ಅಜ್ಜಿಯ ಹತ್ತಿರ ಕೂತು, ನನ್ನಂಥ ಇಲಿ ಎಷ್ಟು ವರ್ಷ ಬದುಕುತ್ತದೆ ಅಂತ ಕೇಳುತ್ತಾನೆ. ಸುಮಾರು 9 ವರ್ಷ ಅನ್ನುತ್ತಾಳೆ ಅಜ್ಜಿ. ಅವನಿಗೆ ಖುಷಿಯಾಗುತ್ತದೆ. ಅಜ್ಜಿಗೂ ವಯಸ್ಸಾಗಿದೆ, ಅವಳು ಹೋದ ಮೇಲೆ ತಾನೊಬ್ಬನೇ ಉಳಿಯುವುದು ಅವನಿಗೆ ಬೇಡ. ಎಂಥ ಮಾತು ನೋಡಿ! ಮಕ್ಕಳ ಪುಸ್ತಕದಲ್ಲಿ ಇಂಥದ್ದನ್ನು ಬರೆಯಲು ಧೈರ್ಯ ಬೇಕು.

1990ರ ಸಿನಿಮಾದಲ್ಲಿ ಏನು ಮಾಡಿದರು? ಕೊನೆಗೆ ಒಬ್ಬಳು ಒಳ್ಳೆ ಮಾಟಗಾತಿ ಬಂದು ಅವನನ್ನು ಮತ್ತೆ ಹುಡುಗನನ್ನಾಗಿ ಮಾಡುತ್ತಾಳೆ. ಕನ್ನಡಕವೂ ವಾಪಸ್ ಬಂತು, ಎಲ್ಲ ಸರಿಹೋಯಿತು. ಡಾಲ್ ಅವರಿಗೆ ಈ ಬದಲಾವಣೆ ಸ್ವಲ್ಪವೂ ಹಿಡಿಸಲಿಲ್ಲ.

ನನ್ನ ಮಗಳು ಏಳನೇ ಕ್ಲಾಸು. ಪುಸ್ತಕ ಓದಿದ್ದಳು, ಆಮೇಲೆ ಸಿನಿಮಾ ನೋಡಿದಳು. ಅವಳಿಗೆ ಸಿನಿಮಾದ ಕೊನೆ ನೋಡಿ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. "ಹಂಗಾದ್ರೆ ಅಜ್ಜಿ ಸತ್ತ ಮೇಲೆ ಅವನು ಒಬ್ನೇ ಇರ್ಬೇಕಲ್ಲಮ್ಮ?" ಅಂದಳು. ಸಿನಿಮಾ ಮಾಡಿದ ಅಷ್ಟು ದೊಡ್ಡವರಿಗೆ ಇದು ಹೊಳೆಯಲಿಲ್ಲ.

ನಿಮ್ಮ ಅನುಭವ ಹೇಳಿ. ಎಲ್ಲಿ ಬೇಜಾರಾಯಿತು? ಯಾಕೆ?

ಜೇವರ್ಗಿ ರಸ್ತೆ (ಕಲಬುರಗಿ)

ಅಕ್ಕಾ, ನಾನು ಒಪ್ಪುವುದಿಲ್ಲ. ಸೀನ್ ಹೋದರೆ ಹೋಗಲಿ ಅಂತ ಅಷ್ಟು ಸುಲಭವಾಗಿ ಬಿಡಬೇಡಿ.

ನಾನು ಹ್ಯಾರಿ ಪಾಟರ್ ಓದಿ ಬೆಳೆದವನು. ಟಿವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದಾಗಲೂ ನೋಡಿದ್ದೇನೆ, ಆಮೇಲೆ ಇಂಗ್ಲಿಷಿನಲ್ಲೂ ನೋಡಿದ್ದೇನೆ. ಮೂರನೇ ಸಿನಿಮಾ (2004) ಎಲ್ಲರೂ ಹೊಗಳುತ್ತಾರೆ. ಕ್ಯಾಮೆರಾ ಚೆನ್ನಾಗಿದೆ, ನಿಜ. ಆದರೆ ಹ್ಯಾರಿಯ ಕೈಗೆ ಸಿಗುವ ಆ ಜಾದೂ ನಕ್ಷೆಯನ್ನು ಮಾಡಿದ ನಾಲ್ಕು ಜನ ಯಾರು ಅಂತ ಸಿನಿಮಾ ಹೇಳುವುದೇ ಇಲ್ಲ! ಹ್ಯಾರಿಯ ಅಪ್ಪ ಮತ್ತು ಅಪ್ಪನ ಮೂವರು ಗೆಳೆಯರು. ಸತ್ತುಹೋದ ಅಪ್ಪ ಮಾಡಿದ ಒಂದು ವಸ್ತು ಮಗನ ಕೈಗೆ ಬಂದಿದೆ. ಮಗ ಅದನ್ನು ದಿನಾ ಮುಟ್ಟುತ್ತಿದ್ದಾನೆ, ಅವನಿಗೇ ಗೊತ್ತಿಲ್ಲ. ಪುಸ್ತಕದಲ್ಲಿ ಅದು ಗೊತ್ತಾದಾಗ ನನಗೆ ಮೈ ಜುಮ್ ಅಂದಿತ್ತು. ಸಿನಿಮಾ ಮಾತ್ರ ನೋಡಿದ ನನ್ನ ರೂಮ್‌ಮೇಟ್‌ಗೆ ಅದು ಸುಮ್ನೆ ಒಂದು ಜಾದೂ ಕಾಗದ.

ಆರನೇದು (2009) ಇನ್ನೂ ಕಷ್ಟ. ಕಥೆಯ ಖಳ ವೋಲ್ಡೆಮಾರ್ಟ್ ಹೇಗೆ ವೋಲ್ಡೆಮಾರ್ಟ್ ಆದ, ಅವನ ತಾಯಿ ಯಾರು, ಆಕೆ ಎಂಥ ಬಡತನದಲ್ಲಿ ಬದುಕಿದಳು, ಅದೇ ಆ ಪುಸ್ತಕದ ಜೀವ. ಅದನ್ನು ತೆಗೆದು, ಪುಸ್ತಕದಲ್ಲೇ ಇಲ್ಲದ ಒಂದು ಮನೆ ಸುಡುವ ಸೀನ್ ಹಾಕಿದರು. ಸಮಯ ಇರಲಿಲ್ಲ ಅನ್ನುವ ಹಾಗಿಲ್ಲ. ಇಲ್ಲದ್ದನ್ನು ಸೇರಿಸಲು ಸಮಯ ಇತ್ತಲ್ವಾ?

ಬೀದರ್ ನಿವೃತ್ತ (ಬೀದರ್)

ಚರ್ಚೆ ಚೆನ್ನಾಗಿದೆ. ಓದುಗರಷ್ಟೇ ಅಲ್ಲ, ಬರೆದವರೇ ನೊಂದುಕೊಂಡ ಸಂಗತಿಗಳು ಬಹಳ ಇವೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಮಕ್ಕಳಿಗೆ ಆರ್. ಕೆ. ನಾರಾಯಣ್ ಪಾಠ ಮಾಡುವಾಗ ಅವರ 'ಗೈಡ್' ಪ್ರಸಂಗ ಹೇಳದೆ ಬಿಡುತ್ತಿರಲಿಲ್ಲ.

ಕಾದಂಬರಿ ಬಂದಿದ್ದು 1958ರಲ್ಲಿ. ಹಿಂದಿ ಸಿನಿಮಾ 1965ರಲ್ಲಿ. ಮಾಲ್ಗುಡಿ ಅನ್ನುವ ಸಣ್ಣ ಊರಿನ ಕಥೆ ರಾಜಸ್ಥಾನದ ಅರಮನೆ, ಕೋಟೆಗಳ ಕಡೆ ಹೋಯಿತು. ನಾರಾಯಣ್ ಅವರಿಗೆ ಎಷ್ಟು ಬೇಸರ ಆಯಿತು ಅಂದರೆ ಅದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಮೇಡಂ ಹೇಳಿದ ಮಾತಿಗೆ ಇದೂ ಸೇರುತ್ತದೆ, ಕೊನೆಯನ್ನು ಗಮನಿಸಿ. ಕಾದಂಬರಿಯಲ್ಲಿ ಉಪವಾಸ ಕೂತ ರಾಜು ನೀರಿನಲ್ಲಿ ನಿಂತು, ಬೆಟ್ಟದ ಕಡೆ ಮಳೆಯಾಗುತ್ತಿದೆ, ನನ್ನ ಕಾಲಿಗೆ ತಿಳಿಯುತ್ತಿದೆ ಅಂತ ಹೇಳಿ ಕುಸಿಯುತ್ತಾನೆ. ಮಳೆ ನಿಜವಾಗಿ ಬಂತೋ ಇಲ್ಲವೋ, ಅವನು ಸತ್ತನೋ ಬದುಕಿದನೋ, ಬರೆದವರು ಹೇಳುವುದಿಲ್ಲ. ಸಿನಿಮಾದಲ್ಲಿ ಧಾರಾಕಾರ ಮಳೆ ಸುರಿಯುತ್ತದೆ. ನೋಡುವವರ ಕೈಯಲ್ಲಿ ಏನೂ ಉಳಿಯಲಿಲ್ಲ.

ಮಕ್ಕಳ ಪುಸ್ತಕಗಳ ವಿಷಯಕ್ಕೆ ಬರೋಣ. 'ಮೇರಿ ಪಾಪಿನ್ಸ್' ಬರೆದ ಟ್ರಾವರ್ಸ್ 1964ರ ಸಿನಿಮಾದ ಮೊದಲ ಪ್ರದರ್ಶನದಲ್ಲಿ ಕಣ್ಣೀರು ಹಾಕಿದರು, ಅದು ಸಂತೋಷದ ಕಣ್ಣೀರಲ್ಲ. ಜರ್ಮನಿಯ ಮಿಖಾಯೆಲ್ ಎಂಡೆ 'ನೆವರ್ ಎಂಡಿಂಗ್ ಸ್ಟೋರಿ' ಸಿನಿಮಾ (1984) ಮೇಲೆ ಕೋರ್ಟಿಗೇ ಹೋದರು. ಅದರಲ್ಲಿ ಅವರ ಪುಸ್ತಕದ ಅರ್ಧ ಮಾತ್ರ ಇತ್ತು. ನಮ್ಮಲ್ಲಿ ತ. ರಾ. ಸುಬ್ಬರಾಯರು 'ನಾಗರಹಾವು' (1972) ನೋಡಿ, ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ನೊಂದು ಹೇಳಿದ ಮಾತು ಇವತ್ತಿಗೂ ಜನ ಆಡಿಕೊಳ್ಳುತ್ತಾರೆ. ಆದರೆ ಆ ಸಿನಿಮಾ ಜನರಿಗೆ ಎಷ್ಟು ಪ್ರೀತಿಯದ್ದು ಅನ್ನುವುದೂ ನಮಗೆ ಗೊತ್ತು. ಹಾಗಾಗಿ ಬರೆದವರ ಬೇಸರವೇ ಕೊನೆಯ ತೀರ್ಪು ಅಂತ ನಾನು ಹೇಳುವುದಿಲ್ಲ.

ವಾಡಿ ಜಂಕ್ಷನ್ (ಚಿತ್ತಾಪುರ ತಾಲೂಕು)

ಸರ್, ಮಾಲ್ಗುಡಿ ಅಂದಿರಿ, ನನ್ನ ಹೊಟ್ಟೆಯೊಳಗಿನ ಮಾತು ಹೊರಗೆ ಬಂತು.

ನಾನು 'ಸ್ವಾಮಿ' ಕಥೆಯನ್ನು ಕನ್ನಡದಲ್ಲಿ ಮೊದಲು ಓದಿದ್ದು, ಧಾರಾವಾಹಿ ನೋಡಿದ್ದು ಆಮೇಲೆ. ಓದುವಾಗ ನನ್ನ ತಲೆಯಲ್ಲಿದ್ದ ಮಾಲ್ಗುಡಿ ಸ್ಟೇಷನ್ ಯಾವುದು ಗೊತ್ತಾ? ನಮ್ಮ ವಾಡಿ. ಸಿಮೆಂಟ್ ಫ್ಯಾಕ್ಟರಿಯ ಧೂಳು, ಪ್ಲಾಟ್‌ಫಾರ್ಮಿನ ಮೇಲೆ ಸುಡುವ ಬಿಸಿಲು, ಉದ್ಯಾನ್ ಎಕ್ಸ್‌ಪ್ರೆಸ್ ಬಂದಾಗ ಒಂದೇ ಸಲ ಏಳುವ ಗದ್ದಲ. ಸ್ವಾಮಿಯ ಮನೆ ನೆಲ ಶಹಾಬಾದ್ ಕಲ್ಲಿನದು, ಬೇಸಿಗೆಯಲ್ಲಿ ನೀರು ಚಿಮುಕಿಸಿ ಅದರ ಮೇಲೆ ಬರೀ ಮೈಯಲ್ಲಿ ಮಲಗುವುದು. ಅವರು ಕ್ರಿಕೆಟ್ ಆಡುವ ಬಯಲು ನಮ್ಮ ಕರಿ ಎರೆ ಹೊಲ. ತೊಗರಿ ಕಿತ್ತ ಮೇಲೆ ಕೂಳೆ ಕಾಲಿಗೆ ಚುಚ್ಚುತ್ತಿತ್ತು.

ಆಮೇಲೆ ಧಾರಾವಾಹಿ ನೋಡಿದೆ. ಆಗುಂಬೆ. ಹಸಿರು, ಹಂಚಿನ ಮನೆ, ಮಳೆ. ಶಂಕರ್‌ನಾಗ್ ಮಾಡಿದ್ದು ಕೆಟ್ಟದು ಅಂತ ನಾನು ಬಾಯಿ ಬಿಟ್ಟು ಹೇಳಲಾರೆ, ಅದು ಅದ್ಭುತ. ಮಾಸ್ಟರ್ ಮಂಜುನಾಥ್ ಬಿಟ್ಟರೆ ಬೇರೆ ಸ್ವಾಮಿಯನ್ನು ಯಾರಾದರೂ ಊಹಿಸಲಿಕ್ಕೆ ಸಾಧ್ಯವಾ? ಆದರೆ ಆವತ್ತಿನಿಂದ ನನ್ನ ಮಾಲ್ಗುಡಿ ಹೋಯಿತು. ಈಗ ಪುಸ್ತಕ ತೆರೆದರೂ ಆಗುಂಬೆಯೇ ಕಾಣುತ್ತದೆ. ವಾಡಿ ಎಷ್ಟು ಕರೆದರೂ ಬರುವುದಿಲ್ಲ.

ಕನ್ನಡದಲ್ಲಿ ಮಗುವಿನ ಕಥೆ ಅಂದ ತಕ್ಷಣ ಮಲೆನಾಡು. ತೋಟ, ಹಳ್ಳ, ಜಿಟಿಜಿಟಿ ಮಳೆ. ಬಿಸಿಲ ನಾಡಿನ ಹುಡುಗನಿಗೂ ಒಂದು ಬಾಲ್ಯ ಇರುತ್ತದೆ ಅಂತ ತೆರೆಯ ಮೇಲೆ ಅನ್ನಿಸಿದ್ದು 'ಕೊಟ್ರೇಶಿ ಕನಸು' (1994) ನೋಡಿದಾಗ. ಕುಂ. ವೀರಭದ್ರಪ್ಪ ಅವರ ಕಥೆ, ಬಳ್ಳಾರಿ ಸೀಮೆಯದು. ಓದಬೇಕು ಅಂತ ಹಂಬಲಿಸುವ ದಲಿತ ಹುಡುಗ. ಕಲಬುರಗಿ ಅಲ್ಲದಿದ್ದರೂ ಆ ಬಿಸಿಲು ನನಗೆ ಗುರುತು ಸಿಕ್ಕಿತು. ನಮ್ಮ ಮೂರು ಜಿಲ್ಲೆಗಳ ಒಂದು ಮಗುವಿನ ಕಥೆಯನ್ನು ಯಾರಾದರೂ ಇಲ್ಲೇ ನಿಂತು, ಇಲ್ಲಿಯ ಮಾತಿನಲ್ಲೇ ಸಿನಿಮಾ ಮಾಡಲಿ ಅಂತ ನನಗೆ ಬಹಳ ಆಸೆ.

ಅಪ್ಪನ ಕೆರೆ (ಕಲಬುರಗಿ)

ವಾಡಿ ಅಣ್ಣಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಶಹಾಬಾದ್ ಕಲ್ಲಿನ ಮೇಲೆ ಮಲಗಿ ಓದಿದ ಪುಸ್ತಕಗಳೇ ನನ್ನ ಬಾಲ್ಯ. ನಿಮ್ಮ ನಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದು ಎಂಥ ಒಳ್ಳೆ ಸಿನಿಮಾ ಮಾಡಿದರೂ ಆಗುವ ನಷ್ಟ ಅಲ್ವಾ? ಯಾವುದೋ ಒಂದು ಊರನ್ನು ತೋರಿಸಲೇಬೇಕು. ಅದಕ್ಕೆ ನಾನು ಸಿನಿಮಾದವರ ಮೇಲೆ ಸಿಟ್ಟಾಗುವುದಿಲ್ಲ.

ಜೇವರ್ಗಿ ರಸ್ತೆ ತಮ್ಮಾ, ನೀನು ಹೇಳಿದ ಎರಡೂ ಉದಾಹರಣೆ ನನ್ನ ಮಾತನ್ನೇ ಹೇಳುತ್ತಿವೆ. ಅಪ್ಪ ಇಲ್ಲದ ಹುಡುಗ. ತಾಯಿಯನ್ನು ಹುಟ್ಟಿದ ದಿನವೇ ಕಳೆದುಕೊಂಡ ಇನ್ನೊಬ್ಬ ಹುಡುಗ. ಇಬ್ಬರ ನೋವನ್ನೂ ಬಿಟ್ಟು, ಬೆಂಕಿ ಇಟ್ಟರು.

ರಂಗದ ಹಿಂದೆ (ಕಲಬುರಗಿ)

ನಾನು ನಾಟಕದಲ್ಲಿ ಕೆಲಸ ಮಾಡುವವಳು. ಬೇಸಿಗೆ ಶಿಬಿರಗಳಲ್ಲಿ ಮಕ್ಕಳ ಜೊತೆ ಕಥೆಗಳನ್ನು ನಾಟಕ ಮಾಡಿಸುತ್ತೇನೆ. ಹಾಗಾಗಿ ಇನ್ನೊಂದು ಕಡೆಯಿಂದಲೂ ಸ್ವಲ್ಪ ಮಾತಾಡಬೇಕು.

ಪುಸ್ತಕದ ಹುಡುಗ ಮನಸ್ಸಿನಲ್ಲಿ ಅಂದುಕೊಂಡಿದ್ದನ್ನು ನಾಲ್ಕು ಪುಟ ಬರೆಯಬಹುದು. ರಂಗದ ಮೇಲಾಗಲಿ, ತೆರೆಯ ಮೇಲಾಗಲಿ ಅವನು ಏನಾದರೂ ಮಾಡಲೇಬೇಕು. ಬದಲಾಯಿಸದೆ ದಾರಿಯೇ ಇಲ್ಲ. ಸತ್ಯಜಿತ್ ರೇ ತಮ್ಮದೇ ಪುಸ್ತಕವನ್ನು ಬದಲಾಯಿಸಿದರು! 'ಸೋನಾರ್ ಕೆಲ್ಲಾ' ಅವರೇ 1971ರಲ್ಲಿ ಬರೆದ ಪತ್ತೇದಾರಿ ಕಥೆ. ಪುಸ್ತಕದಲ್ಲಿ ಕಳ್ಳ ಯಾರು ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. 1974ರ ಸಿನಿಮಾದಲ್ಲಿ ಶುರುವಿನಲ್ಲೇ ತೋರಿಸಿಬಿಟ್ಟರು. ಯಾಕೆ? ಯಾರು ಅನ್ನುವುದು ಗೊತ್ತಿದ್ದರೆ, ಕಥೆಯ ಸಣ್ಣ ಹುಡುಗ ಆ ಕಳ್ಳರ ಕೈ ಹಿಡಿದು ಹೋಗುವಾಗ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಓದುವಾಗಿನ ಕುತೂಹಲ ನೋಡುವಾಗ ಆತಂಕ ಆಯಿತು.

ರಸ್ಕಿನ್ ಬಾಂಡ್ ಅವರ 'ಬ್ಲೂ ಅಂಬ್ರೆಲಾ' ಇನ್ನೊಂದು. ಪುಟ್ಟ ಪುಸ್ತಕ. ಬೆಟ್ಟದ ಹುಡುಗಿ ಬಿನ್ಯಾಳ ಹತ್ತಿರ ನೀಲಿ ಛತ್ರಿ, ಅದರ ಮೇಲೆ ಚಹಾ ಅಂಗಡಿಯವನ ಕಣ್ಣು. ವಿಶಾಲ್ ಭಾರದ್ವಾಜ್ ಸಿನಿಮಾದಲ್ಲಿ ಅಂಗಡಿಯವನನ್ನು ಬಹಳ ದೊಡ್ಡ ಪಾತ್ರ ಮಾಡಿದರು. ಹೆಸರೂ ಬೇರೆ. ಪಂಕಜ್ ಕಪೂರ್ ಆ ಪಾತ್ರ ಮಾಡಿದ್ದಾರೆ. ಕದ್ದ ಛತ್ರಿಗೆ ಕೆಂಪು ಬಣ್ಣ ಹಾಕಿಸಿಕೊಂಡು ಊರೆಲ್ಲ ಮೆರೆಯುತ್ತಾನೆ, ಮಳೆಯಲ್ಲಿ ಬಣ್ಣ ಇಳಿದು ನೀಲಿ ಹೊರಗೆ ಬರುತ್ತದೆ. ಆಮೇಲೆ ಊರವರು ಅವನನ್ನು ದೂರ ಇಟ್ಟಾಗ ಅವನ ಮುಖ ನೋಡಬೇಕು. ಆ ಬಣ್ಣದ ಪ್ರಸಂಗ ಪುಸ್ತಕದಲ್ಲಿ ಇಲ್ಲ. ಆದರೂ ಸಿನಿಮಾ ಪುಸ್ತಕಕ್ಕೆ ಮೋಸ ಮಾಡಲಿಲ್ಲ. ಒಂದು ಮಗು ತನಗೆ ಅಷ್ಟು ಇಷ್ಟವಾದ ವಸ್ತುವನ್ನು ತಾನಾಗಿಯೇ ಬಿಟ್ಟುಕೊಡುತ್ತದೆ, ಅದು ಎರಡರಲ್ಲೂ ಹಾಗೇ ಇದೆ.

ಬದಲಾವಣೆ ಮಾಡಿದರು ಅಂತ ಬೈಯುವ ಮುಂಚೆ ಯಾವುದನ್ನು ಬದಲಾಯಿಸಿದರು ಅಂತ ಕೇಳೋಣ. ಅಪ್ಪನ ಕೆರೆ ಅಕ್ಕ ಹೇಳುತ್ತಿರುವುದೂ ಅದೇ ಅಂದುಕೊಂಡಿದ್ದೇನೆ.

ಸುರಪುರ ಮೇಷ್ಟ್ರು (ಯಾದಗಿರಿ ಜಿಲ್ಲೆ)

ನಾನು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. ಎಲ್ಲರೂ ಬೇಜಾರಾದದ್ದು ಬರೆದಿದ್ದೀರಿ. ನಾನು ಭಯದಿಂದ ನೋಡಲು ಕೂತು, ಬೇಜಾರಾಗದೆ ಎದ್ದ ಒಂದು ಸಿನಿಮಾದ ಬಗ್ಗೆ ಬರೆಯುತ್ತೇನೆ.

'ತೊತ್ತೋ-ಚಾನ್' ಓದದ ಮೇಷ್ಟ್ರು ನಮ್ಮಲ್ಲಿ ಕಡಿಮೆ. ಟೀಚರ್ ಟ್ರೈನಿಂಗ್ ಮಾಡುವಾಗ ಕೈಯಿಂದ ಕೈಗೆ ಹೋಗುತ್ತಿದ್ದ ಪುಸ್ತಕ. ನನ್ನ ಪ್ರತಿ ಕಳೆದುಹೋಗಿತ್ತು. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಎಚ್. ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು, ಆಗ ಮಳಿಗೆಯಲ್ಲಿ ಇನ್ನೊಂದು ಕೊಂಡೆ. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ 1981ರಲ್ಲಿ ಬರೆದದ್ದು. ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ, ಹಳೇ ರೈಲು ಬೋಗಿಗಳಲ್ಲಿ ತರಗತಿ ನಡೆಯುವ ತೊಮೊಯೆ ಅನ್ನುವ ಶಾಲೆಗೆ ಸೇರುತ್ತಾಳೆ. ಅಲ್ಲಿಯ ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನ ಕುರ್ಚಿ ಎಳೆದುಕೊಂಡು ಕೂತು, ನಿನಗೆ ಏನು ಹೇಳಬೇಕೋ ಎಲ್ಲ ಹೇಳು ಅನ್ನುತ್ತಾರೆ. ಅವಳು ಗಂಟೆಗಟ್ಟಲೆ ಮಾತಾಡುತ್ತಾಳೆ. ಅವರು ಒಂದು ಸಲವೂ ಆಕಳಿಸದೆ ಕೇಳುತ್ತಾರೆ.

ಇದು ಜಪಾನಿನಲ್ಲಿ 2023ರಲ್ಲಿ ಆ್ಯನಿಮೇಷನ್ ಸಿನಿಮಾ ಆಗಿದೆ ಅಂತ ತಿಳಿದಾಗ ನನಗೆ ಹೆದರಿಕೆಯೇ ಆಯಿತು. ಮುದ್ದು ಮುದ್ದು ಬೊಂಬೆ ಮಾಡಿ, ಹಾಡು ಹಾಕಿ, ಯಸುವಾಕಿಯ ಸಾವನ್ನು ಎಲ್ಲಿ ನುಂಗಿಬಿಡುತ್ತಾರೋ ಅಂತ.

ಯಸುವಾಕಿ ಪೋಲಿಯೋ ಆದ ಹುಡುಗ. ಅವನನ್ನು ಮರ ಹತ್ತಿಸಬೇಕು ಅಂತ ತೊತ್ತೋ-ಚಾನ್ ಏಣಿ ಎಳೆದು ತರುತ್ತಾಳೆ. ಪುಸ್ತಕದಲ್ಲಿ ಆ ಭಾಗ ಓದುವಾಗ ನನ್ನ ಕೈಯೂ ಬೆವರುತ್ತದೆ. ಸಿನಿಮಾದಲ್ಲಿ ಅದನ್ನು ಅವಸರ ಮಾಡದೆ ತೋರಿಸಿದ್ದಾರೆ. ಅವನ ಕೈ ಜಾರುತ್ತದೆ, ಅವಳು ಎಳೆಯುತ್ತಾಳೆ, ಇಬ್ಬರಿಗೂ ಉಸಿರು ಕಟ್ಟುತ್ತದೆ. ಆಮೇಲೆ ಅವನು ಸಾಯುತ್ತಾನೆ. ಸಿನಿಮಾ ಅದನ್ನು ಬಚ್ಚಿಡಲಿಲ್ಲ. ಯುದ್ಧವನ್ನೂ ಬಚ್ಚಿಡಲಿಲ್ಲ, ಊಟದ ಡಬ್ಬಿ ಹೇಗೆ ಬಡವಾಗುತ್ತಾ ಹೋಗುತ್ತದೆ ಅನ್ನುವುದರಲ್ಲೇ ಯುದ್ಧ ಗೊತ್ತಾಗುತ್ತದೆ.

ಶಾಲೆಯಲ್ಲಿ ಆರು, ಏಳನೇ ತರಗತಿಯ ಮಕ್ಕಳಿಗೆ ಮೊದಲು ಮರ ಹತ್ತುವ ಅಧ್ಯಾಯ ಓದಿ ಹೇಳಿ, ಆಮೇಲೆ ಆ ಭಾಗ ತೋರಿಸಿದೆ. ಭಾಷೆ ಅವರಿಗೆ ಗೊತ್ತಿಲ್ಲ. ನಾನು ಪಕ್ಕದಲ್ಲಿ ನಿಂತು ಹೇಳುತ್ತಿದ್ದೆ, ಸ್ವಲ್ಪ ಹೊತ್ತಿಗೆ ನಿಲ್ಲಿಸಿದೆ, ಬೇಕಾಗಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು ನಿಂತುಬಿಟ್ಟ. ಅವನ ತಮ್ಮನಿಗೆ ಕಾಲು ಸರಿಯಿಲ್ಲ. ಮರುದಿನ ಬಂದು, "ಸರ್, ಆ ಹುಡುಗ ಆಮೇಲೆ ಏನಾದ?" ಅಂತ ಕೇಳಿದ. ನಾನು ಪುಸ್ತಕ ಕೊಟ್ಟೆ. ಓದಿ ಮುಗಿಸಿ ವಾಪಸ್ ಕೊಡುವಾಗ ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಪುಸ್ತಕ ಕೊಡಿ ಅಂದ.

ಹುಮನಾಬಾದ್ ತಾಯಿ (ಬೀದರ್ ಜಿಲ್ಲೆ)

ಮೇಷ್ಟ್ರೇ, ನಿಮ್ಮ ಮಕ್ಕಳು ಆರು ಏಳನೇ ಕ್ಲಾಸು. ನನ್ನ ಮಗನಿಗೆ ಆರು ವರ್ಷ. ಎಲ್ಲರೂ ಕಷ್ಟ ತೋರಿಸಬೇಕು, ಸಾವು ತೋರಿಸಬೇಕು ಅಂತಿದ್ದೀರಿ. ಪುಸ್ತಕ ಓದುವಾಗ ನಾನು ಪಕ್ಕದಲ್ಲಿ ಇರುತ್ತೇನೆ, ಅವನ ಮುಖ ನೋಡಿ ನಿಲ್ಲಿಸುತ್ತೇನೆ, ಧ್ವನಿ ಇಳಿಸುತ್ತೇನೆ. ಸಿನಿಮಾ ನಿಲ್ಲುವುದಿಲ್ಲ. ಕತ್ತಲೆ, ದೊಡ್ಡ ಸದ್ದು, ದೊಡ್ಡ ಮುಖ. ಒಂದು ಪ್ರಾಣಿಯ ಸಿನಿಮಾ ನೋಡಿ ಬಂದ ಮೇಲೆ ಅವನು ಬಹಳ ದಿನ ಒಬ್ಬನೇ ಬಚ್ಚಲಿಗೂ ಹೋಗಲಿಲ್ಲ. ಕೊನೆ ಬದಲಾಯಿಸುವವರು ಎಲ್ಲರೂ ದುಡ್ಡಿಗೋಸ್ಕರ ಮಾಡುತ್ತಾರೆ ಅನ್ನುವುದು ಸರಿಯಲ್ಲ. ಸಣ್ಣ ಮಕ್ಕಳ ಮೇಲಿನ ಕಾಳಜಿಯೂ ಇರುತ್ತದೆ.

ಆಳಂದ ಓದುಗಿ (ಕಲಬುರಗಿ ಜಿಲ್ಲೆ)

ಅಕ್ಕಾ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆದರೂ ಗೋವಿನ ಹಾಡು ನಾವು ಎಷ್ಟು ಚಿಕ್ಕವರಿದ್ದಾಗ ಕೇಳಿದ್ದು? ಅಜ್ಜಿ ಹಾಡುತ್ತಿದ್ದಳು, ಶಾಲೆಯಲ್ಲೂ ಪಾಠ ಇತ್ತು. ಪುಣ್ಯಕೋಟಿ ಕರುವನ್ನು ಬಿಟ್ಟು ಹುಲಿಯ ಹತ್ತಿರ ವಾಪಸ್ ಹೋಗುವಾಗ ಅಳದ ಮಗು ಇದೆಯಾ? ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ನನ್ನ ಮಗಳು ನೋಡಿದ ಒಂದು ಕಾರ್ಟೂನ್ ವಿಡಿಯೋದಲ್ಲಿ ಹುಲಿ ಸಾರಿ ಹೇಳಿ ಕಾಡಿಗೆ ಹೋಗುತ್ತದೆ. ಆಮೇಲೆ ಎಲ್ಲರೂ ಕುಣಿಯುತ್ತಾರೆ. ಅವಳಿಗೆ ಐದು ನಿಮಿಷದಲ್ಲಿ ಮರೆತೂ ಹೋಯಿತು. ನಾನು ಹಾಡು ಹೇಳಿ ಪೂರ್ತಿ ಕಥೆ ಮುಗಿಸಿದಾಗ, ಹುಲಿ ಯಾಕೆ ಸತ್ತಿತು, ಅದಕ್ಕೆ ನಾಚಿಕೆ ಆಯಿತಾ, ಹಸಿವು ಇತ್ತಲ್ವಾ ಅಂತ ಮಲಗುವವರೆಗೂ ಕೇಳಿದಳು.

ಜೇವರ್ಗಿ ರಸ್ತೆ (ಕಲಬುರಗಿ)

ನಡುವೆ ಬಂದೆ, ಕ್ಷಮಿಸಿ. ಇನ್ನೆರಡು ಹೇಳಿ ಹೋಗುತ್ತೇನೆ.

'ಪರ್ಸಿ ಜಾಕ್ಸನ್' ಪುಸ್ತಕದಲ್ಲಿ ಹುಡುಗನಿಗೆ 12 ವರ್ಷ. 2010ರ ಸಿನಿಮಾದಲ್ಲಿ ಹೈಸ್ಕೂಲ್ ಹುಡುಗ. ಬರೆದ ರಿಕ್ ರಿಯೋರ್ಡನ್ ಬೇಡ ಅಂತ ಮುಂಚೆಯೇ ಹೇಳಿದ್ದರು, ಯಾರೂ ಕೇಳಲಿಲ್ಲ. 12 ವರ್ಷದವನಿಗೆ ಬರುವ ಹೆದರಿಕೆ ದೊಡ್ಡ ಹುಡುಗನಿಗೆ ಬರುವುದಿಲ್ಲ. ಇಡೀ ಕಥೆಯೇ ಹಗುರ ಆಯಿತು. 2023ರಲ್ಲಿ ಅವರೇ ಜೊತೆಗೆ ನಿಂತು ಸರಣಿ ಮಾಡಿದಾಗ ಸಣ್ಣ ಹುಡುಗನನ್ನೇ ಹಾಕಿದರು.

'ಗೋಲ್ಡನ್ ಕಂಪಾಸ್' (2007) ಇನ್ನೊಂದು. ಲೈರಾ ತನ್ನ ಗೆಳೆಯನನ್ನು ಉಳಿಸಲು ಅಷ್ಟು ದೂರ ಹೋಗುತ್ತಾಳೆ. ಪುಸ್ತಕದ ಕೊನೆಯಲ್ಲಿ ಅವನು ಅವಳ ಅಪ್ಪನಿಂದಲೇ ಸಾಯುತ್ತಾನೆ. ಸಿನಿಮಾ ಅದಕ್ಕಿಂತ ಮುಂಚೆಯೇ ನಿಂತುಬಿಡುತ್ತದೆ. ಮುಂದಿನ ಭಾಗಕ್ಕೆ ಇಟ್ಟುಕೊಂಡರಂತೆ. ಮುಂದಿನ ಭಾಗ ಬರಲೇ ಇಲ್ಲ.

ಬೀದರ್ ನಿವೃತ್ತ (ಬೀದರ್)

ಹುಮನಾಬಾದ್ ತಾಯಿಯವರ ಪ್ರಶ್ನೆಯನ್ನು ದಾಟಿ ಹೋಗಬೇಡಿ. ಪುಸ್ತಕದ ವೇಗ ಓದುವವರ ಕೈಯಲ್ಲಿ, ಸಿನಿಮಾದ ವೇಗ ಮಾಡಿದವರ ಕೈಯಲ್ಲಿ. ಇದು ದೊಡ್ಡ ವ್ಯತ್ಯಾಸ. ಆರು ವರ್ಷದ ಮಗುವಿಗೆ ತೋರಿಸಲು ಆಗದಿದ್ದರೆ ಇನ್ನೂ ಸ್ವಲ್ಪ ವರ್ಷ ಕಾಯಬಹುದು. ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ. ಆರು ವರ್ಷದವರಿಗೂ ಟಿಕೆಟ್ ಮಾರಬೇಕು ಅಂತ ಹನ್ನೆರಡು ವರ್ಷದವರ ಕಥೆಯ ಮೂಳೆ ಮುರಿಯುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಕಿಪ್ಲಿಂಗ್‌ನ 'ಜಂಗಲ್ ಬುಕ್' ಅನ್ನೂ ನೆನಪಿಸಿಕೊಳ್ಳಿ. 1894ರ ಪುಸ್ತಕದಲ್ಲಿ ಕಾ ಎಂಬ ಹೆಬ್ಬಾವು ಮೌಗ್ಲಿಯ ಸ್ನೇಹಿತ, ಹಿರಿಯ. ಮೌಗ್ಲಿಯನ್ನು ಕೋತಿಗಳಿಂದ ಬಿಡಿಸಲು ಬರುವುದೇ ಅದು. 1967ರ ಡಿಸ್ನಿ ಸಿನಿಮಾ ಅದನ್ನು ಮಗುವನ್ನು ನುಂಗಲು ಕಾಯುವ ದುಷ್ಟ ಪ್ರಾಣಿ ಮಾಡಿತು. ಹಾವು ಅಂದರೆ ಕೆಟ್ಟದ್ದು, ಅಷ್ಟೇ. ಹೆದರಿಕೆ ಹುಟ್ಟಿಸುವವನೂ ನಿನ್ನ ಕಡೆ ಇರಬಹುದು ಅನ್ನುವ ಕಷ್ಟದ ಮಾತು ಪುಸ್ತಕದಲ್ಲಿ ಇತ್ತು. ಮಕ್ಕಳಿಗೆ ಅದು ಅರ್ಥವಾಗುವುದಿಲ್ಲ ಅಂತ ಯಾರು ಹೇಳಿದರು?

ಅಪ್ಪನ ಕೆರೆ (ಕಲಬುರಗಿ)

ಎರಡು ದಿನದಿಂದ ಎಲ್ಲರ ಮಾತು ಓದುತ್ತಿದ್ದೇನೆ. ಒಂದು ಕನ್ನಡ ಸಿನಿಮಾದ ಹೆಸರು ಯಾರೂ ಹೇಳಲಿಲ್ಲ. ಬಹಳ ಜನರಿಗೆ ಅದು ಪುಸ್ತಕದಿಂದ ಬಂದದ್ದು ಅನ್ನುವುದೇ ಗೊತ್ತಿಲ್ಲ ಅನ್ನಿಸುತ್ತದೆ.

'ಬೆಟ್ಟದ ಹೂವು'. 1985. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಪುನೀತ್ ರಾಜ್‌ಕುಮಾರ್ ಅವರಿಗೆ ಬಾಲನಟ ಅಂತ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ. ಇದು ಶರ್ಲಿ ಅರೋರಾ ಅನ್ನುವ ಅಮೆರಿಕದ ಲೇಖಕಿ 1960ರಲ್ಲಿ ಬರೆದ 'ವಾಟ್ ದೆನ್, ರಾಮನ್?' ಎಂಬ ಮಕ್ಕಳ ಕಾದಂಬರಿ. ದಕ್ಷಿಣ ಭಾರತದ ಬೆಟ್ಟದ ಹಳ್ಳಿಯ ಹುಡುಗನ ಕಥೆ. ಸಿನಿಮಾದಲ್ಲಿ ಹೂವಿನ ಮೇಲೆ ಅಧ್ಯಯನ ಮಾಡಲು ಬರುವ ವಿದೇಶಿ ಮಹಿಳೆಗೆ ಶರ್ಲಿ ಮೇಡಂ ಅಂತಲೇ ಹೆಸರು.

ರಾಮು ಬಡ ಹುಡುಗ. ಅವನಿಗೆ ಒಂದು ಪುಸ್ತಕ ಬೇಕು. ಮೂಲದಲ್ಲಿ ಅದು ರಾಮಾಯಣ. ನಮ್ಮವರು ಅದನ್ನು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಮಾಡಿದರು. ಬೆಟ್ಟ ಹತ್ತಿ ಅಪರೂಪದ ಆರ್ಕಿಡ್ ಹುಡುಕಿ ತಂದುಕೊಟ್ಟು ಚೂರು ಚೂರು ದುಡ್ಡು ಕೂಡಿಸುತ್ತಾನೆ. ಮನೆಯಲ್ಲಿ ಕಷ್ಟ ಜಾಸ್ತಿ ಆಗುತ್ತಾ ಹೋಗುತ್ತದೆ. ಚಳಿ. ಹೊದೆಯಲು ಇಲ್ಲ. ಕೊನೆಗೆ ಕೂಡಿಸಿದ ದುಡ್ಡು ಹಿಡಿದು ಪೇಟೆಗೆ ಹೋದವನು ಪುಸ್ತಕ ಕೊಳ್ಳುವುದಿಲ್ಲ. ಮನೆಯವರಿಗೆ ಕಂಬಳಿ ಕೊಂಡು ತರುತ್ತಾನೆ.

ಇಲ್ಲಿ ಎಷ್ಟು ಬದಲಾವಣೆ ಆಗಿದೆ ನೋಡಿ. ಊರು ಬೇರೆ, ಮಾತು ಬೇರೆ, ಪುಸ್ತಕ ಬೇರೆ, ಹಾಡುಗಳಿವೆ. ದೊಡ್ಡ ನಟನ ಮನೆಯ ಸಿನಿಮಾ, ಅವರದೇ ಮಗ ಹೀರೋ. ಆ ಹುಡುಗನಿಗೆ ಕಂಬಳಿಯೂ ಸಿಕ್ಕಿತು, ಪುಸ್ತಕವೂ ಸಿಕ್ಕಿತು ಅಂತ ಮಾಡುವುದು ಎಷ್ಟು ಸುಲಭ ಇತ್ತು! ಯಾರೋ ಒಬ್ಬ ಸಾಹುಕಾರ ಬಂದು ಪುಸ್ತಕ ಕೈಯಲ್ಲಿಟ್ಟರೆ ಥಿಯೇಟರಿನಲ್ಲಿ ಜನ ಚಪ್ಪಾಳೆ ಹೊಡೆದೇ ಹೊಡೆಯುತ್ತಿದ್ದರು. ಮಾಡಲಿಲ್ಲ. ಎರಡರಲ್ಲಿ ಒಂದು ಮಾತ್ರ. ಆ ಆಯ್ಕೆಯನ್ನು ಮಗುವಿನ ಕೈಯಲ್ಲೇ ಬಿಟ್ಟರು. ನಾನು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ನೋಡಿದ್ದು. ಪುಸ್ತಕದಂಗಡಿಯ ಮುಂದೆ ನಿಂತ ಆ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ನನಗೂ ಆಗ ಬೇಕಾದ ಪುಸ್ತಕಗಳು ಅಂಗಡಿಯಲ್ಲೇ ಉಳಿಯುತ್ತಿದ್ದವು. ನನ್ನ ಬಗ್ಗೆ ಯಾರೋ ಸಿನಿಮಾ ಮಾಡಿದ್ದಾರೆ ಅನ್ನಿಸಿತ್ತು.

ಹುಮನಾಬಾದ್ ಅಕ್ಕಾ, ನಿಮ್ಮ ಮಾತಿಗೆ ನನ್ನ ಉತ್ತರವೂ ಇದೇ. ಕಷ್ಟ ಅಂದರೆ ಕತ್ತಲೆ, ಚೀರಾಟ, ರಕ್ತ ಅಲ್ಲ. 'ಬೆಟ್ಟದ ಹೂವು' ಸಿನಿಮಾವನ್ನು ನಿಮ್ಮ ಮಗನ ಜೊತೆ ಕೂತು ಧೈರ್ಯವಾಗಿ ನೋಡಬಹುದು. ಅವನು ಅತ್ತರೂ ಬಚ್ಚಲಿಗೆ ಹೋಗಲು ಹೆದರುವುದಿಲ್ಲ.

ವಾಡಿ ಜಂಕ್ಷನ್ (ಚಿತ್ತಾಪುರ ತಾಲೂಕು)

ಇದು ಪುಸ್ತಕದಿಂದ ಬಂದದ್ದು ಅಂತ ಇವತ್ತಿಗೆ ಗೊತ್ತಾಯಿತು ಅಕ್ಕಾ. ನೋಡಿ, ಅಮೆರಿಕದವರು ಬರೆದ ಕಥೆ ನಮ್ಮದೇ ಅನ್ನಿಸುವ ಹಾಗೆ ಮಾಡಿದ್ದಾರೆ. ಇದೇ ಕೆಲಸ ಬಿಸಿಲ ಸೀಮೆಗೂ ಆಗಬೇಕು ಅಂತ ನಾನು ಹೇಳುತ್ತಿರುವುದು. ಬೆಟ್ಟ ಇಲ್ಲ, ಆರ್ಕಿಡ್ ಇಲ್ಲ. ತೊಗರಿ ಇದೆ, ಕಲ್ಲಿನ ಖಣಿ ಇದೆ, ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಮುಂಬೈ, ಪುಣೆಗೆ ಗುಳೆ ಹೋಗುವ ತಂದೆ ತಾಯಿ ಇದ್ದಾರೆ.

ಹುಮನಾಬಾದ್ ತಾಯಿ (ಬೀದರ್ ಜಿಲ್ಲೆ)

ನೋಡುತ್ತೇನೆ ಅಕ್ಕಾ. ಮೊದಲು ನಾನೊಬ್ಬಳೇ ನೋಡಿ, ಆಮೇಲೆ ಅವನಿಗೆ ತೋರಿಸುತ್ತೇನೆ. ತಪ್ಪು ತಿಳಿಯಬೇಡಿ, ಆದರೆ ಅವನಿಗೆ ಯಾವಾಗ ಏನು ಅನ್ನುವುದನ್ನು ನಾನೇ ನೋಡಿಕೊಳ್ಳಬೇಕು. ಅದನ್ನು ಮಾತ್ರ ಬಿಡಲಾರೆ.

ಜೇವರ್ಗಿ ರಸ್ತೆ (ಕಲಬುರಗಿ)

ನಾನು ಇನ್ನೂ ಪೂರ್ತಿ ಒಪ್ಪಿಲ್ಲ ಅಕ್ಕಾ. ನೋವು ಇಲ್ಲದ ಸಣ್ಣ ವಿಷಯಗಳೂ ಮುಖ್ಯ. ಕೊನೆಯ ಹ್ಯಾರಿ ಪಾಟರ್ (2011) ನೋಡಿ. ಪುಸ್ತಕದಲ್ಲಿ ಹ್ಯಾರಿ ಆ ಮಹಾ ಮಂತ್ರದಂಡದಿಂದ ತನ್ನ ಮುರಿದ ಹಳೇ ದಂಡವನ್ನು ಸರಿಮಾಡಿಕೊಳ್ಳುತ್ತಾನೆ. ಹನ್ನೊಂದು ವರ್ಷ ತುಂಬಿದ ದಿನ ಸಿಕ್ಕ ತನ್ನದೇ ದಂಡ. ಅವನಿಗೆ ಬೇಕಾಗಿದ್ದು ಅದೊಂದೇ. ಸಿನಿಮಾದಲ್ಲಿ ಮಹಾ ದಂಡವನ್ನು ಮುರಿದು ಎಸೆಯುತ್ತಾನೆ. ತನ್ನದನ್ನು ಮರೆತೇಬಿಟ್ಟ. ಅರ್ಧ ನಿಮಿಷದ ಕೆಲಸ ಅದು! ಇದರಲ್ಲಿ ಯಾರ ಸಾವೂ ಇಲ್ಲ, ಆದರೂ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮತ್ತೆ ವೋಲ್ಡೆಮಾರ್ಟ್ ಸಾಯುವುದು. ಪುಸ್ತಕದಲ್ಲಿ ಎಲ್ಲರ ಕಣ್ಣ ಮುಂದೆ, ಸಾಮಾನ್ಯ ಮನುಷ್ಯನ ಹೆಣದ ಹಾಗೆ ನೆಲಕ್ಕೆ ಬೀಳುತ್ತಾನೆ. ಅಷ್ಟು ಹೆದರಿಸಿದವನೂ ಕೊನೆಗೆ ಒಬ್ಬ ಮನುಷ್ಯ. ಸಿನಿಮಾದಲ್ಲಿ ಚೂರು ಚೂರಾಗಿ ಗಾಳಿಯಲ್ಲಿ ಹಾರಿಹೋಗುತ್ತಾನೆ. ಹೆಣವೇ ಇಲ್ಲ.

ರಂಗದ ಹಿಂದೆ (ಕಲಬುರಗಿ)

ತಮ್ಮಾ, ಆ ಹೆಣದ ಮಾತು ಬಹಳ ಸರಿ. ನಾಟಕದಲ್ಲೂ ಹೀಗೇ. ಸತ್ತವನನ್ನು ರಂಗದ ಮೇಲೆ ಹಾಗೇ ಬಿಟ್ಟರೆ ಮಕ್ಕಳು ಅವನ ಹತ್ತಿರ ಬಂದು ನೋಡುತ್ತಾರೆ. ಹೊಗೆ ಬಿಟ್ಟು ಮಾಯ ಮಾಡಿದರೆ ಹೊಗೆಯನ್ನು ನೋಡುತ್ತಾರೆ.

ಕೊನೆಗೆ ಎಲ್ಲರಿಗೂ ಒಂದು ಪ್ರಶ್ನೆ. ಇನ್ನೂ ಸಿನಿಮಾ ಆಗದ, ಆದರೆ ಹೆದರಿಕೆ ಆಗುತ್ತದೆ ಅನ್ನುವ ಪುಸ್ತಕ ಯಾವುದು?

ಸುರಪುರ ಮೇಷ್ಟ್ರು (ಯಾದಗಿರಿ ಜಿಲ್ಲೆ)

'ಕರ್ವಾಲೊ'. ಹೈಸ್ಕೂಲಿನಲ್ಲಿ ಓದಿದ್ದು, ಇವತ್ತಿಗೂ ಬಿಟ್ಟಿಲ್ಲ. ತೇಜಸ್ವಿಯವರ ಕಥೆಗಳು ಒಳ್ಳೆಯವರ ಕೈಗೆ ಸಿಕ್ಕಿವೆ, 'ತಬರನ ಕಥೆ' ಇದೆ, ಮೊನ್ನೆ ಮೊನ್ನೆ 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ' ಬಂತು. ಸಣ್ಣ ಕಥೆಯನ್ನು ಅಷ್ಟು ಬೆಳೆಸಿದರೂ ತೇಜಸ್ವಿ ಅನ್ನಿಸಿತು. ಆದರೂ 'ಕರ್ವಾಲೊ' ಅಂದರೆ ಭಯ.

ಅಪ್ಪನ ಕೆರೆ (ಕಲಬುರಗಿ)

ಮೇಷ್ಟ್ರೇ, ನನ್ನದೂ ಅದೇ ಪುಸ್ತಕ. ಅಷ್ಟು ಜನ ಅಷ್ಟು ಕಷ್ಟಪಟ್ಟು ಕಾಡು ಅಲೆದು ಹಾರುವ ಓತಿಯನ್ನು ಕಂಡುಹಿಡಿಯುತ್ತಾರೆ. ಇನ್ನೇನು ಸಿಕ್ಕಿತು ಅನ್ನುವಾಗ ಅದು ಕಣಿವೆಯ ಕಡೆ ತೇಲಿ ಹೋಗಿಬಿಡುತ್ತದೆ. ಕರ್ವಾಲೊ ಖಾಲಿ ಕೈಯಲ್ಲಿ ನಿಲ್ಲುತ್ತಾರೆ. ಮೂಡಿಗೆರೆ ಬಿಟ್ಟು ಬೇರೆ ಕಡೆ ಚಿತ್ರೀಕರಣ ಮಾಡಲಿ, ಕಿವಿ ಎಂಬ ನಾಯಿಯ ಬಣ್ಣ ಬದಲಾಯಿಸಲಿ, ಮಂದಣ್ಣನಿಗೆ ಎರಡು ಹಾಡು ಕೊಡಲಿ, ನಾನು ಟಿಕೆಟ್ ತೆಗೆದುಕೊಂಡು ಮೊದಲ ದಿನವೇ ಹೋಗುತ್ತೇನೆ. ಆ ಓತಿಯನ್ನು ಮಾತ್ರ ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ತೋರಿಸಬಾರದು.